ತೆಗೆದಿಟ್ಟ ಪೈಪುಗಳು

ಏಪ್ರಿಲ್ ೧೧, ಗುರುವಾರ, ರಾತ್ರಿ.

ನಾಳೆ ಬೆಳಿಗ್ಗೆ ಎಲ್ಲರೂ ಆಸ್ಪತ್ರೆಯಲ್ಲಿರುವ ನನ್ನ ಅಕ್ಕನನ್ನು ನೋಡಲು ಕಾರಿನಲ್ಲಿ ಹೊರಡತಕ್ಕದ್ದು. ಆ ಕಾರನ್ನು ಇನ್ನು ಮುಂದೆ ಹತ್ತುವುದಿಲ್ಲವೆಂದು ಭಾನುವಾರ ಬೀಗರ ಸಮಕ್ಷಮ ಘೋಷಿಸಿದವನು ನಾನೇ.

ಕಾರಣವಿಷ್ಟೇ. ಇಂಜಿನ್ ಗಾಳಿ ಎಳೆದುಕೊಳ್ಳುವ ಥ್ರಾಟಲ್ ಬಾಡಿ ಎಂಬ ಭಾಗಕ್ಕೆ ಕೂಲಂಟ್ ಎಂಬ ಬಿಸಿ ದ್ರವ ಒಯ್ಯುತ್ತಿದ್ದ ಪೈಪುಗಳನ್ನು, ಗ್ಯಾರೇಜು ನಡೆಸುವ ನನ್ನ ಸೊಸೆಯು, ನನ್ನ ಅನುಮತಿ ಪಡೆಯದೆ ಕಳಚಿ, ಕೂಲಂಟ್ ಅತ್ತ ಸುಳಿಯದಂತೆ ಮಾಡಿದಳು.

"ಮಾವ, ಅದು ಹಿಮ ಬೀಳೋ ಕಡೆಗೆ ಬೇಕು. ನಮ್ಮ ಬಿಸಿಲಲ್ಲಿ ಒಳಗೆ ಹೋಗೋ ಗಾಳೀನ ಸುಮ್ನೆ ಕಾಯಿಸುತ್ತೆ ಅಷ್ಟೆ."

"ಕಾರು ಮಾಡಿದವರಿಗಿಂತ ನೀನು ಬುದ್ಧಿವಂತಳೋ?" ಎಂದೆ. ಆಡಿದ ಮಾತನ್ನು ಹಿಂಪಡೆಯುವ ಅಭ್ಯಾಸ ನನಗಿಲ್ಲ. ಅಕ್ಕನಾದರೋ ದಿನವೂ ಫೋನಿನಲ್ಲಿ, "ನೀನೂ ಬರ್ತೀಯ ತಾನೇ, ಮರಿ?" ಎಂದು ಕೇಳುತ್ತಿದ್ದಾಳೆ. ಎಪ್ಪತ್ತು ದಾಟಿದ ನಾನು ಅವಳಿಗೆ ಇಂದಿಗೂ ಮರಿ. ಏನೆಂದು ಉತ್ತರಿಸಲಿ?

ಊಟವಾದ ಮೇಲೆ ಸೊಸೆ ನನ್ನ ಕೋಣೆಯ ಬಾಗಿಲಲ್ಲಿ ನಿಂತು, "ಮಾವ, ಹಳೇ ಪೈಪನ್ನೇ ವಾಪಸ್ ಹಾಕಿದೀನಿ. ಮುಂದಿನ ಸೀಟು ನಿಮಗೆ," ಎಂದಳು.

"ಸಂತೋಷ. ಮೊದಲೇ ಹೇಳಿದ್ದೆ," ಎಂದೆ.

ಆಮೇಲೆ ಹಿತ್ತಿಲ ಬಾಗಿಲಿಗೆ ಚಿಲಕ ಹಾಕಲು ಹೋದಾಗ ನೋಡಿದರೆ, ಅವೇ ಪೈಪುಗಳು ನೀರಿನ ಡ್ರಮ್ಮಿನ ಪಕ್ಕದಲ್ಲಿ ಬಿದ್ದಿದ್ದವು.

ನಾಳೆ ದಾರಿಯುದ್ದಕ್ಕೂ, ಇಂಜಿನ್ನಿನಲ್ಲಿ ಇಲ್ಲದ ಪೈಪನ್ನು ನಾನು ಹೊಗಳಬೇಕು. ಸೊಸೆ ಗಂಭೀರವಾಗಿ ತಲೆಯಾಡಿಸುವಳು. ಬೇರೆ ಮಾರ್ಗ ಕಾಣೆ.

ಮಗ ಬೆಳಿಗ್ಗೆ ಹಿತ್ತಿಲಿಗೆ ಬರುವವನಾದ್ದರಿಂದ, ಸದರಿ ಪೈಪುಗಳನ್ನು ಡ್ರಮ್ಮಿನ ಹಿಂದಕ್ಕೆ ಸರಿಸಿ, ಮೇಲೆ ಗೋಣಿಚೀಲ ಮುಚ್ಚಿ ಬಂದಿದ್ದೇನೆ.