ವಾಡಿ ದಮ್

ವಾಡಿ,
೩ ಫೆಬ್ರುವರಿ ೧೯೮೦, ರವಿವಾರ

ಪ್ರೀತಿಯ ಅಣ್ಣಾ,

ಕಾಗದದ ಮೊದಲಿಗೆ ಆರೋಗ್ಯ ಕೇಳಬೇಕೆಂದು ಶಾಲೆಯಲ್ಲಿ ಕಲಿಸಿದ್ದರು. ಸತ್ತವನ ಆರೋಗ್ಯ ಕೇಳುವುದು ಹೇಗೆಂದು ಕಲಿಸುವ ಮೊದಲೇ ನಾನು ಶಾಲೆ ಬಿಟ್ಟೆ. ಆದರೂ ಕೇಳುತ್ತೇನೆ. ಚಳಿಗಾಲಕ್ಕೆ ಬರುತ್ತಿದ್ದ ನಿನ್ನ ಕೆಮ್ಮು ಹೇಗಿದೆ? ಮುಂಬಯಿಯಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ? ನಾನು ಗಟ್ಟಿ ಇದ್ದೇನೆ. ಅವ್ವ ಗಟ್ಟಿ ಇಲ್ಲ, ಅದಕ್ಕೇ ಈ ಕಾಗದ.

ಹೋದ ಗುರುವಾರ ಅಮೃತಮ್ಮ ಚಿಗವ್ವನ ಮಗಳ ಮದುವೆಗೆ ಅವ್ವ ಒಬ್ಬಳೇ ಸೇಡಂಗೆ ಹೋಗಿದ್ದಳು. ಊಟವಾದ ಮೇಲೆ ಹಂದರದಲ್ಲಿ ಆರ್ಕೆಸ್ಟ್ರಾ ಪಾರ್ಟಿಯವರ ಹಾಡು. ನಾಲ್ಕು ಹುಡುಗರು, ಕಿವಿ ಮುಚ್ಚುವ ಕೂದಲು, ತೊಡೆಯ ತನಕ ಇಳಿಬಿಟ್ಟ ಗಿಟಾರು, ಎಡಗಾಲು ಒಂದು ಪರಸಿ ಕಲ್ಲಿನ ಮೇಲೆ. ಎಲ್ಲ ನಿನ್ನಂತೆಯೇ. ಹಾಡಿನ ನಡುವೆ ಎಲ್ಲವೂ ನಿಂತು, ಡ್ರಮ್ಮಿನ ಅಂಚಿನ ಮೇಲೆ ಕಡ್ಡಿ ಮಾತ್ರ ಟಕ್ ಟಕ್ ಎನ್ನುತ್ತಿತ್ತು. ಇದಕ್ಕೆ ಈಗ ಶಹಾಬಾದಿನಿಂದ ಚಿಂಚೋಳಿಯ ತನಕ ವಾಡಿ ದಮ್ ಎನ್ನುತ್ತಾರೆ. ದಮ್ ಇಲ್ಲದ ಪಾರ್ಟಿಯನ್ನು ಮದುವೆಗೆ ಯಾರೂ ಕರೆಯುವುದಿಲ್ಲ. ಅಲ್ಲಿಯವರೆಗೆ ಅವ್ವ ಖುಷಿಯಾಗಿಯೇ ಕೂತಿದ್ದಳಂತೆ. ಆಗ ಒಬ್ಬ ಹುಡುಗ ಮೈಕಿನಲ್ಲಿ, “ಈ ದಮ್ ಕೊಟ್ಟ ವಾಡಿ ಸಾಯಬಣ್ಣ ಇವತ್ತು ನಮ್ಮ ನಡುವ ಇಲ್ಲ. ರೈಲಿಗೆ ಸಿಕ್ಕು ತೀರಿಕೊಂಡ ಅವರ ಸಲುವಾಗಿ ಎಲ್ಲಾರೂ ಎದ್ದು ನಿಲ್ರಿ” ಎಂದ. ಬಾಯಲ್ಲಿ ಎಲೆ ಅಡಿಕೆ ಇದ್ದ ಇನ್ನೂರು ಜನ ಎದ್ದು ನಿಂತರು. ಅವ್ವನೂ ನಿಂತಳು. ಪಕ್ಕದವಳನ್ನು, “ಯಾವ ಸಾಯಬಣ್ಣರೀ?” ಎಂದು ಕೇಳಿದಳು. ಅವಳು, “ಗಿಟಾರ ಬಾರಸ್ತಿದ್ನಲ್ಲ, ವಾಡಿ ಗುಂಡಮ್ಮನ ಮಗ ಅಂತ. ಪಾಪ, ಆ ತಾಯಿ ಹ್ಯಾಂಗ ಅದಾಳೋ ಏನೋ” ಎಂದಳು.

ನಮ್ಮ ಗುಂಡಮ್ಮ ಅಲ್ಲಿಯೇ, ಅವಳ ಪಕ್ಕದಲ್ಲಿಯೇ, ಅಡಿಕೆ ಅಗಿಯುತ್ತ ನಿಂತಿದ್ದಳು.

ನಾಲ್ಕು ವರ್ಷದಿಂದ ನಿನ್ನದೊಂದು ಕಾಗದವಿಲ್ಲ. ಹಾಗಿರುವಾಗ ಅವಳು ನಂಬದೆ ಏನು ಮಾಡಬೇಕು? ಮನೆಗೆ ಬಂದವಳು ಅಳಲೂ ಇಲ್ಲ, ನನಗೆ ಹೇಳಲೂ ಇಲ್ಲ. ಮರುದಿನ ನಿನ್ನ ಫೋಟೋ ಇಳಿಸಿ ಒರೆಸುತ್ತಿದ್ದಾಗ ನಾನೇ ಕೇಳಿ ಹೊರಗೆ ತೆಗೆದೆ. “ಬರೋ ಅಮಾಸಿಗಿ ಅವನ ಹೆಸರಿಲೆ ಎಡಿ ಹಿಡೀತೀನಿ. ಊರ ಮಂದಿ ನೆನಸ್ತಾರ, ಹಡದಾಕಿ ನಾ ಸುಮ್ಮ ಕುಂತೀನಿ” ಎಂದಳು. ನಮ್ಮ ಓಣಿಯಲ್ಲಿ ನಿನ್ನನ್ನು ಸತ್ತವನೆಂದು ಯಾರೂ ಅಂದಿಲ್ಲ. ಸೇಡಂ ಕಡೆ, ಚಿಂಚೋಳಿ ಕಡೆ ಮಾತ್ರ ನೀನು ಸತ್ತಿದ್ದೀ. ಈ ಲೆಕ್ಕ ನನಗೆ ತಿಳಿಯಲಿಲ್ಲ. ಶನಿವಾರ ಬೆಳಿಗ್ಗೆ ಬಸ್ಸು ಹತ್ತಿ ಸೇಡಂಗೆ ಹೋದೆ.

ಅಲ್ಲಿ ಯಾರಿದ್ದಾರೆಂದು ನಿನಗೆ ಗೊತ್ತು. ನಿಮ್ಮ ಮೈಕ್ ಸೆಟ್ಟಿನ ಶೌಕತ ಅಲಿ ಈಗ ಸೇಡಂನಲ್ಲಿ ದೊಡ್ಡ ಅಂಗಡಿ ಇಟ್ಟಿದ್ದಾನೆ. ಸುತ್ತಲಿನ ಆರೇಳು ಪಾರ್ಟಿಗಳಿಗೆ ಸಾಮಾನು ಬಾಡಿಗೆಗೆ ಕೊಡುವವನು ಅವನೇ, ಹಾಡಿನ ನಡುವೆ ಏನು ಮಾತಾಡಬೇಕೆಂದು ಕಲಿಸುವವನೂ ಅವನೇ. ನಾನು ಬಾಗಿಲಲ್ಲಿ ನಿಂತೇ ಕೇಳಿದೆ, “ಶೌಕತಣ್ಣ, ನಮ್ಮಣ್ಣ ಯಾವತ್ತು ಸತ್ತ?” ಅವನು, “ಅಂಬೂ, ಮೊದಲ ಒಳಗ ಬಾ, ಕುಂದ್ರು, ಚಾ ಕುಡಿ” ಎಂದ. “ತಾರೀಖು ಹೇಳ್ರಿ, ಚಾ ಆಮ್ಯಾಲ” ಎಂದೆ. ಸತ್ತವನ ಪಾರ್ಟಿ ಎಂದರೆ ಜನ ಹೆಚ್ಚು ಕೂಡುತ್ತಾರೆ, ಹೊಟ್ಟೆಪಾಡು, ಯಾರಿಗೇನು ನಷ್ಟ ಎಂದೆಲ್ಲ ಹೇಳಿದ. ಅವ್ವ ಆ ಹಂದರದಲ್ಲಿ ಎದ್ದು ನಿಂತದ್ದನ್ನು ನಾನು ಹೇಳಿದಾಗ ಅವನ ಮುಖ ಸಣ್ಣದಾಯಿತು. ಆದರೂ ಬಾಯಿ ನಿಲ್ಲಲಿಲ್ಲ. “ನನ್ನ ಮ್ಯಾಲ ಯಾಕ ಸಿಟ್ಟಾಗ್ತಿ? ನಿಮ್ಮಣ್ಣನ್ನ ಕೇಳೇ ಮಾಡೀನಿ” ಎನ್ನುತ್ತ ವೈರಿನ ಪೆಟ್ಟಿಗೆಯಿಂದ ಒಂದು ಇನ್‌ಲ್ಯಾಂಡ್ ಪತ್ರ ತೆಗೆದುಕೊಟ್ಟ.

ನಿನ್ನ ಅಕ್ಷರ ನೋಡಿ ನನಗೆ ಮೊದಲು ಆದದ್ದು ಸಂತೋಷ. ಆಮೇಲೆ ಓದಿದೆ. “ಸತ್ತೀನಿ ಅಂತ ಹೇಳಿದ್ರ ಹೇಳು, ನನಗೇನು. ಬದುಕಿದ್ದಾಗ ಯಾರು ನನಗ ಎದ್ದು ನಿಂತಾರ? ಇಲ್ಲಿ ಹೋಟೆಲಿನ್ಯಾಗ ಉಣ್ಣೋ ಮಂದಿ ಹಿಂದ ಕುಂತು ಬಾರಸ್ತೀನಿ, ಒಬ್ಬನೂ ತಲಿ ಎತ್ತಿ ನೋಡಂಗಿಲ್ಲ. ಅಲ್ಲಿ ಸತ್ತಾವನಾಗಿ ಇರೂದೇ ಛಲೋ.” ಕೆಳಗೆ ನಗುವಂತೆ ಏನೋ ಬರೆದಿದ್ದೀ, ಅದನ್ನು ಇಲ್ಲಿ ಬರೆಯಲಾರೆ. ತಾರೀಖು ಎರಡು ವರ್ಷದ ಹಿಂದಿನದು. ಹಿಂಬದಿಯಲ್ಲಿ ಪರೇಲದ ಚಾಳಿನ ವಿಳಾಸ, ಖೋಲಿ ನಂಬರ್ ಸಮೇತ. ಅವ್ವನಿಗೆ ಬರೆಯಲು ಇಲ್ಲದ ಕೈ ಶೌಕತನಿಗೆ ಬರೆಯಲು ಇತ್ತು. ಸಾಯಲು ಒಪ್ಪಿಗೆ ಕೊಡುವಾಗ ನಿನಗೆ ಒಬ್ಬ ತಾಯಿ ಇದ್ದಾಳೆಂಬುದು ನೆನಪಾಗಲಿಲ್ಲವೇ? ಅಥವಾ ನೆನಪಾಗಿಯೂ ಬರೆದೆಯಾ? ಇವೆರಡರಲ್ಲಿ ಯಾವುದು ಕೆಟ್ಟದ್ದೆಂದು ಬಸ್ಸಿನಲ್ಲಿ ವಾಡಿಯ ತನಕ ಯೋಚಿಸಿದೆ.

ನಿಮ್ಮ ಪಾರ್ಟಿ ಬದುಕಿದ್ದು ಹದಿನಾಲ್ಕು ತಿಂಗಳು. ಹನ್ನೊಂದು ಕಾರ್ಯಕ್ರಮ. ಜನ ಈಗ ಹೇಳುವುದನ್ನು ಕೇಳಿದರೆ ಹನ್ನೊಂದು ವರ್ಷ ಬಾರಿಸಿದಿರಿ ಎನ್ನಬೇಕು. ನಿನ್ನ ಹಾಡುಗಳಲ್ಲಿ ಒಂದಾದರೂ ಪೂರ್ತಿ ಬರುವವರು ಈ ಸೀಮೆಯಲ್ಲಿಲ್ಲ. ಕೂದಲು ಉಳಿದಿದೆ, ಕಲ್ಲಿನ ಮೇಲಿನ ಕಾಲು ಉಳಿದಿದೆ, ದಮ್ ಉಳಿದಿದೆ. ಚಿಂಚೋಳಿಯಲ್ಲಿ ಅದು ಹಿರಿಯರ ಆತ್ಮಕ್ಕಂತೆ, ಚಿತ್ತಾಪುರದಲ್ಲಿ ನಿನ್ನ ಎದೆ ಒಡೆದದ್ದಕ್ಕಂತೆ. ಅದು ಫ್ಯಾಕ್ಟರಿಯ ಭೋಂಗಾಕ್ಕೆ ನಿಂತದ್ದು, ಅಣ್ಣಾ. ರೈಲ್ವೆ ಇನ್‌ಸ್ಟಿಟ್ಯೂಟಿನ ಮದುವೆಯಲ್ಲಿ ಎರಡು ಗಂಟೆಯ ಪಾಳಿಗೆ ಭೋಂಗಾ ಕೂಗಿತು. ನಿನ್ನ ಗಿಟಾರು ನಿನಗೇ ಕೇಳದೆ ಬೈಯುತ್ತ ನಿಲ್ಲಿಸಿದೆ. ಜಿಲಾನಿ ಮಾತ್ರ ತಾಳ ತಪ್ಪಬಾರದೆಂದು ಕಡ್ಡಿಯಿಂದ ಡ್ರಮ್ಮಿನ ಅಂಚು ತಟ್ಟುತ್ತ ಉಳಿದ. ಕೂಗು ಮುಗಿದು ನೀವೆಲ್ಲ ಒಮ್ಮೆಲೇ ಬಾರಿಸಿದಾಗ ಮದುವೆಯ ಜನ ಕುರ್ಚಿಯ ಮೇಲೆ ಹತ್ತಿದರು. ಮುಂದಿನ ವಾರ ಶಹಾಬಾದಿನಲ್ಲಿ ಭೋಂಗಾ ಇಲ್ಲದೆಯೂ, “ನಿಲ್ಸ್ರಿ, ವಾಡಿಯಾಗ ನಿಲ್ಸಿದ್ರಲ್ಲ ಹಾಂಗ ನಿಲ್ಸ್ರಿ” ಎಂದು ಗದ್ದಲ ಹಾಕಿದರು. ಇಷ್ಟೇ ಸಂಗತಿ. ಇನ್ನೂ ನಿಜ ಹೇಳಬೇಕೆಂದರೆ ಚಿತ್ತಾಪುರದ ಹುಡುಗರು ನಿನಗಿಂತ ಚೆನ್ನಾಗಿ ಬಾರಿಸುತ್ತಾರೆ. ಆದರೆ ನಿನ್ನ ಹಾಡು ಕೇಳದೆ ಇದ್ದಿದ್ದರೆ ಅವರಲ್ಲಿ ಯಾರೂ ಗಿಟಾರು ಮುಟ್ಟುತ್ತಿರಲಿಲ್ಲ. ಅದೂ ನಿಜವೇ.

ಚಂದ್ರಂಪಳ್ಳಿ ಡ್ಯಾಮಿನ ಕೆಲಸದವರ ಮುಂದೆ ನಡೆದ ಕೊನೆಯ ಕಾರ್ಯಕ್ರಮದ ಕತೆ ಇದಕ್ಕಿಂತ ಕೆಟ್ಟದು. ದುಃಖ ತಾಳದೆ ದಮ್ಮಿನ ನಡುವೆ ಗಿಟಾರು ಇಟ್ಟು ಇಳಿದುಹೋದನಂತೆ ಸಾಯಬಣ್ಣ. ನಾನು ಅವ್ವನ ಜೊತೆ ಮುಂದಿನ ಸಾಲಿನಲ್ಲಿದ್ದೆ, ಹನ್ನೊಂದು ವರ್ಷದವಳು. ನೀನು ಇಳಿದದ್ದು ನಾಲ್ಕು ಗಂಟೆಯ ಬಸ್ಸು ಹಿಡಿಯಲು. ಮುಂಬಯಿಯ ಹೋಟೆಲಿನವನು ನಿನ್ನೊಬ್ಬನನ್ನು ಕರೆದಿದ್ದ, ಉಳಿದವರಿಗೆ ಹೇಳುವ ಧೈರ್ಯ ನಿನಗೆ ಇರಲಿಲ್ಲ. ಜಿಲಾನಿ ನೀನು ಬರುತ್ತೀ ಎಂದು ಕಾಲು ತಾಸು ಅಂಚು ತಟ್ಟುತ್ತಲೇ ಕೂತಿದ್ದ. ಜನ ನಗತೊಡಗಿದರೂ ತಟ್ಟಿದ. ಈಗ ಅವನು ಮದುವೆಗಳಲ್ಲಿ ಬಾರಿಸುತ್ತಾನೆ. ಈ ಸೀಮೆಯಲ್ಲಿ ದಮ್ ಹಾಕದವನು ಅವನೊಬ್ಬನೇ. ಯಾಕೆಂದು ಕೇಳಿದರೆ, “ನಾ ಒಂದ್ ಸಲ ಕಾದೀನಿ, ಸಾಕು” ಎನ್ನುತ್ತಾನೆ.

ನನ್ನ ಸಂಕಟ ಹೇಳುತ್ತೇನೆ ಕೇಳು. ಇನ್‌ಸ್ಪೆಕ್ಟರ್ ಬಂದ ದಿನ ಮಾಸ್ತರರು ತುಂಬಿದ ಹಾಜರಿ ಸುಳ್ಳು ಎಂದು ಎದ್ದು ಹೇಳಿ, ತಪ್ಪಾಯಿತು ಎನ್ನಲು ಒಪ್ಪದೆ ಶಾಲೆ ಬಿಟ್ಟವಳು ನಾನು. ಆಮೇಲೆ ಮೂರು ಕಡೆ ಕೆಲಸ ಬಿಟ್ಟದ್ದೂ ಇದೇ ಬಾಯಿಯಿಂದ. ಅಂಥವಳು ನಿನ್ನೆಯಿಂದ ನಿನ್ನ ಪತ್ರವನ್ನು ಕುಬಸದಲ್ಲಿ ಮಡಿಚಿಟ್ಟುಕೊಂಡು ಅವ್ವನ ಎದುರು ಓಡಾಡುತ್ತಿದ್ದೇನೆ. ಹೇಳದಿದ್ದರೆ ಅವಳು ಬದುಕಿರುವ ಮಗನಿಗೆ ಎಡೆ ಹಿಡಿಯುತ್ತಾಳೆ. ಹೇಳಿದರೆ, ಮಗ ಬದುಕಿದ್ದು ತನ್ನನ್ನು ಬೇಡವೆಂದನೆಂದು ತಿಳಿಯುತ್ತದೆ. ಎರಡನೆಯದರಿಂದ ಅವಳು ಎದ್ದಾಳೆಂಬ ಭರವಸೆ ನನಗಿಲ್ಲ. ನಿನ್ನ ಸುಳ್ಳನ್ನು ಹೊರಲು ನನ್ನನ್ನು ಹಚ್ಚಿದ್ದೀಯಲ್ಲ, ಅದಕ್ಕೆ ನಿನ್ನ ಮೇಲೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು. ಅಮಾವಾಸ್ಯೆಯೊಳಗೆ ನೀನೇ ಬಂದು ಬಾಗಿಲಲ್ಲಿ ನಿಲ್ಲು. ಹೋಟೆಲಿನಲ್ಲಿ ಉಣ್ಣುವವರು ತಲೆ ಎತ್ತದಿದ್ದರೆ ಏನಾಯಿತು, ಇಲ್ಲಿ ಒಬ್ಬಳು ಎಂಟು ವರ್ಷದಿಂದ ಗಾಡಿಯ ಸದ್ದಿಗೆಲ್ಲ ತಲೆ ಎತ್ತುತ್ತಾಳೆ.

ದೊಡ್ಡವನೆಂದು ನಮಸ್ಕಾರ. ಆಶೀರ್ವಾದ ಕೇಳುವುದಿಲ್ಲ, ನೀನು ಕೊಟ್ಟರೂ ಈಗ ಹತ್ತುವುದಿಲ್ಲ.

ನಿನ್ನ ತಂಗಿ
ಅಂಬುಬಾಯಿ

ತಾ.ಕ.: ಸೋಮವಾರ ಬೆಳಿಗ್ಗೆ, ಟಪಾಲಿಗೆ ಹಾಕುವ ಮೊದಲು ಬರೆಯುತ್ತಿದ್ದೇನೆ. ತಡೆಯಲಾಗಲಿಲ್ಲ, ಅವ್ವನಿಗೆ ನಿನ್ನ ಪತ್ರ ಓದಿ ಹೇಳಿಬಿಟ್ಟೆ. ನಗುವ ಸಾಲನ್ನೂ ಬಿಡಲಿಲ್ಲ. ಅವಳು, “ಅದರಾಗ ಪತ್ತೆ ಅದ ಏನು?” ಎಂದು ಕೇಳಿದಳು. ವಿಳಾಸ ಇದೆ ಎಂದೆ. ಶನಿವಾರ ಮದ್ರಾಸಿನಿಂದ ಮುಂಬಯಿಗೆ ಹೋಗುವ ಗಾಡಿಗೆ ಬರುತ್ತಾಳೆ, ರವಿವಾರ ಬೆಳಿಗ್ಗೆ ದಾದರದಲ್ಲಿ ಇಳಿಯುತ್ತಾಳೆ. ನಾನೂ ಬರುತ್ತೇನೆಂದರೆ, “ನೀ ಬ್ಯಾಡ, ನೀ ಜಗಳ ತಗೀತಿ. ನನಗ ಅವನ ಜೋಡಿ ಮಾತಾಡೂದೇನಿಲ್ಲ, ಮಾರಿ ನೋಡಿ ಹೊಳ್ಳಿ ಬರ್ತೀನಿ” ಎಂದಳು. ಅವಳಿಗೆ ಹಿಂದಿಯೂ ಬರುವುದಿಲ್ಲ, ಮರಾಠಿಯೂ ಬರುವುದಿಲ್ಲ. ಸ್ಟೇಷನ್ನಿಗೆ ಬಾ.