ಟೀಚರಕ್ಕ ಕೊಟ್ಟ ಮಾತು

ರೀ,

ಟೀಚರಕ್ಕ ಬೆಳಿಗ್ಗೆ ತೀರಿಕೊಂಡರಂತೆ. ಅವರ ಮನೆಗೆ ಹೊರಟಿದ್ದೇನೆ. ಅಡುಗೆ ಮುಚ್ಚಿಟ್ಟಿದ್ದೇನೆ, ಬಿಸಿ ಮಾಡಿಕೊಂಡು ಉಣ್ಣಿ. ಬಟ್ಟೆ ಹೊಲಿಸಲು ಯಾರಾದರೂ ಬಂದರೆ ನಾಳಿದ್ದು ಬರಲು ಹೇಳಿ.

ಕ್ಯಾನ್ಸರಿಗೆ ನನ್ನ ಎದೆ ತೆಗೆದಾಗ ನೀವೂ ಮುಖ ತಿರುಗಿಸಿದಿರಿ. ಬಯ್ಯುತ್ತಿಲ್ಲ, ನಿಮಗೂ ಭಯವಿತ್ತು. ಅಕ್ಕ ಮಾತ್ರ ಬಂದು, ಬಾಗಿಲು ಹಾಕಿ, ರವಿಕೆ ಬಿಚ್ಚಿ ತಮ್ಮ ಗಾಯದ ಗುರುತು ತೋರಿಸಿದರು. "ನೋಡೇ, ಡಾಕ್ಟರು ಹಾಕಿದ ಹೊಲಿಗೆ ನೀನು ರವಿಕೆಗೆ ಹಾಕೋವಷ್ಟು ನೀಟಾಗಿಲ್ಲ" ಅಂದರು. ಎಷ್ಟೋ ದಿನದ ಮೇಲೆ ಅವತ್ತು ನಕ್ಕಿದ್ದೆ. ಅಂಥವರಿಗೇ ಕಾಯಿಲೆ ಮರುಕಳಿಸಿತು, ನನ್ನನ್ನು ಬಿಟ್ಟಿತು.

ನಾಳೆ ಹಾಲಿನವಳಿಗೆ ಮೊದಲ ಕೀಮೋ. "ಪಕ್ಕದಲ್ಲೇ ಕೂತಿರ್ತೀನಿ ಕಣೇ" ಅಂತ ಅಕ್ಕ ಅವಳಿಗೆ ಮಾತು ಕೊಟ್ಟಿದ್ದರು. ಮೊದಲ ಬಸ್ಸಿಗೆ ಅವಳ ಜೊತೆ ನಾನು ಹೋಗುತ್ತೇನೆ. ಬೇಡ ಅನ್ನಬೇಡಿ. ಅಕ್ಕ ಕೂರಬೇಕಿದ್ದ ಆ ಕುರ್ಚಿಯಲ್ಲಿ ಕೂರಲು ಈ ಊರಲ್ಲಿ ಈಗ ನಾನೊಬ್ಬಳೇ ಉಳಿದಿದ್ದೇನೆ.