ನಿನ್ನ ಎಡೆ ಉಂಡವಳು ಕಾಳಮ್ಮ

ನನ್ನ ಹಡೆದವ್ವನಿಗೆ,

ಮೊದಲು ಸುದ್ದಿ ಹೇಳಿಬಿಡುತ್ತೇನೆ, ಕೂತುಕೊಂಡು ಕೇಳು. ಪಿತೃಪಕ್ಷ ಬಂದಾಗಲೆಲ್ಲ ನಿನ್ನ ಮಗ ರಾಜಣ್ಣ ಮಸಣದಲ್ಲಿರುವ ನಿನ್ನ ಗುಡ್ಡೆಗೆ ಅಂತ ಹೊತ್ತುಕೊಂಡು ಹೋಗಿ ಇಡುತ್ತಿದ್ದ ಎಡೆ ನಿನಗೆ ಮುಟ್ಟಿಯೇ ಇಲ್ಲ. ಅವನ ಮದುವೆಯಾದ ವರ್ಷದಿಂದ ಹೋದ ವರ್ಷದವರೆಗೆ ನಾಟಿಕೋಳಿ ಸಾರು, ಮುದ್ದೆ, ವಡೆ, ಒಬ್ಬಟ್ಟು, ಎಲೆ ಅಡಿಕೆ ಅಷ್ಟನ್ನೂ ಉಂಡು ತೇಗಿದವಳು ಕಾಳಮ್ಮ. ಹೌದು, ಅದೇ ಕಾಳಮ್ಮ. ಬಾವಿಕಟ್ಟೆಯ ಮೇಲೆ ನಿನ್ನ ಬಿಂದಿಗೆಯನ್ನು ಕಾಲಲ್ಲಿ ತಳ್ಳಿದವಳು. ನಿನಗೆ ಹೊಟ್ಟೆ ಉರಿಯುತ್ತದೋ ಇಲ್ಲವೋ, ನನಗಂತೂ ಇನ್ನೂ ಆರಿಲ್ಲ.

ನೀನು ಸತ್ತ ದಿನ ನಾನು ಹಸಿ ಬಾಣಂತಿ. ಕೂಸನ್ನು ಎದೆಗೆ ಅವುಚಿಕೊಂಡು ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಬಾಣಂತಿ ಮಸಣದ ಕಡೆ ಮುಖ ಮಾಡಬಾರದು ಎಂದು ನನ್ನನ್ನು ಒಳಗೆ ದಬ್ಬಿದರು. ಅಪ್ಪನನ್ನು ನಮ್ಮ ಹೊಲದ ಮೂಲೆಯಲ್ಲಿ ಮಣ್ಣು ಮಾಡಿದ್ದರಲ್ಲ, ನಿನ್ನನ್ನೂ ಅವನ ಮಗ್ಗುಲಲ್ಲೇ ಮಲಗಿಸುತ್ತಾರೆ ಅಂದುಕೊಂಡಿದ್ದೆ. ಅಷ್ಟು ಹೊತ್ತಿಗೆ ಹೊಲ ಚಿಕ್ಕಪ್ಪನ ಕೈಗೆ ಹೋಗಿತ್ತು. ಮುಂಡೆಗೆ ಹೊಲದಲ್ಲಿ ಯಾಕೆ ಜಾಗ, ಊರ ಮಸಣ ಇಲ್ಲವೇ ಎಂದನಂತೆ. ಆ ಹೊಲದಲ್ಲಿ ಕಳೆ ಕಿತ್ತು ಕಿತ್ತು ನಡು ಬಗ್ಗಿಸಿಕೊಂಡವಳು ಯಾರು? ಅವನ ಬಾಯಿಗೆ... ಹೋಗಲಿ, ಅವನೂ ಸತ್ತ. ಅವನಿಗೆ ಮಾತ್ರ ಹೊಲದ ಮಣ್ಣೇ ಸಿಕ್ಕಿತು.

ಮೂರನೇ ದಿನ ಹಾಲು ತುಪ್ಪ ಬಿಡಲು ಹೋದಾಗಲೂ ನನ್ನನ್ನು ಕರೆಯಲಿಲ್ಲ. ರಾಜಣ್ಣನಿಗೆ ಆಗ ಹತ್ತು ವರ್ಷ ತುಂಬಿತ್ತೋ ಇಲ್ಲವೋ. ಗಂಡು ಅಂತ ಅವನನ್ನು ಹೆಗಲ ಮೇಲೆ ಹೊತ್ತುಕೊಂಡು ಹೋದರು. ಆಮೇಲೆ ಸೋದರಮಾವ ಬಂದು ಅವನನ್ನು ಮಾಗಡಿಗೆ ಕರೆದುಕೊಂಡು ಹೋದ, ನಾನು ಕನಕಪುರದ ಕಡೆಯ ಗಂಡನ ಮನೆಗೆ ಹೋದೆ. ರಾಜಣ್ಣ ಅಲ್ಲೇ ಬೆಳೆದು, ಮೀಸೆ ಬಂದ ಮೇಲೆ ಊರಿಗೆ ತಿರುಗಿ ಬಂದು, ಮದುವೆಯಾಗಿ, ರೇಷ್ಮೆ ಹುಳ ಸಾಕಿಕೊಂಡು ನಿಂತ. ಅವ್ವನನ್ನು ಎಲ್ಲಿ ಮಣ್ಣು ಮಾಡಿದರೋ ಅಂತ ನಾನು ಕೇಳಿದಾಗಲೆಲ್ಲ ಹೊಂಗೆ ಮರದ ಬುಡದಲ್ಲಿ ಅನ್ನುತ್ತಿದ್ದ. ನಾನೂ ಎಡೆ ಇಡುತ್ತೇನೆ ಅಂದರೆ, ಕೊಟ್ಟ ಹೆಣ್ಣು ಇಡಬಾರದು, ಗಂಡುಮಗನೇ ಇಡಬೇಕು ಅನ್ನುತ್ತಿದ್ದರು. ಗಂಡುಮಗ ಇಟ್ಟದ್ದರ ಚೆಂದ ನೋಡಿದೆಯಲ್ಲ.

ಈ ಬೇಸಿಗೆಯಲ್ಲಿ ರಾಮನಗರದ ಮಾರ್ಕೆಟ್ಟಿನಲ್ಲಿ ಗೂಡು ಒಳ್ಳೆ ರೇಟಿಗೆ ಹೋಯಿತು ಅಂತ ನಿನ್ನ ಮಗ ನಿನಗೊಂದು ಕಲ್ಲು ನಿಲ್ಲಿಸಲು ಹೊರಟ. ಕರಿ ಕಲ್ಲು, ಮುಖ ಕಾಣುವ ಹಾಗೆ ಹೊಳೆಯುತ್ತದೆ. ನಿನ್ನದೊಂದು ಫೋಟೋ ಯಾರು ತೆಗೆಸಿದ್ದರು? ಅದಕ್ಕೇ ಒಂದು ದೀಪದ ಚಿತ್ರ, ಕೆಳಗೆ ನಿನ್ನ ಹೆಸರು. ಭಾನುವಾರ ನಂಟರಿಗೆಲ್ಲ ಊಟ. ನಾನು ಮೊದಲೇ ಬಂದು, ಗಾರೆಯವನ ಜೊತೆ ನಾನೂ ಮಸಣಕ್ಕೆ ಬರುತ್ತೇನೆ ಎಂದೆ. ರಾಜಣ್ಣ ಬೇಡ ಅಂದ, ಗಾಳಿ ಸೋಕುತ್ತದಂತೆ. ಸೋಕಲಿ ಬಿಡು, ನನ್ನ ಬಾಯಿಗೆ ಹೆದರಿ ಅದೇ ಬಿಟ್ಟು ಓಡುತ್ತದೆ ಎಂದು ಚಪ್ಪಲಿ ಮೆಟ್ಟಿಕೊಂಡೆ.

ಮಸಣದೊಳಗೆ ಕಾಲಿಟ್ಟ ಕೂಡಲೇ ಅವನು, ಗೃಹಪ್ರವೇಶಕ್ಕೆ ಬಂದವರಿಗೆ ರೂಮು ತೋರಿಸುವವನ ಹಾಗೆ, ಒಂದೊಂದೇ ಗುಡ್ಡೆ ತೋರಿಸುತ್ತ ನಡೆದ. ಬಚ್ಚಲಮನೆಯ ಟೈಲ್ಸ್ ಹಾಕಿದ್ದು ಹಳೇ ಛೇರ್ಮನ್ನನದು. ಬದುಕಿದ್ದಾಗ ಊರಿಗೊಂದು ಚರಂಡಿ ಮಾಡಿಸಲಿಲ್ಲ, ಸತ್ತ ಮೇಲೆ ನೋಡು, ನೀರು ನಿಲ್ಲದ ಹಾಗೆ ಮಲಗಿದ್ದಾನೆ. ಲಂಟಾನದ ಪೊದೆಯೊಳಗೆ ಇರುವವಳು ಸೂಲಗಿತ್ತಿ ಸಾಕಮ್ಮ. ನನ್ನನ್ನೂ ರಾಜಣ್ಣನನ್ನೂ ಅರ್ಧ ಊರನ್ನೂ ಭೂಮಿಗೆ ಇಳಿಸಿದ ಕೈ ಅದು. ಮುಳ್ಳು ಸವರುವವರು ಒಬ್ಬರಿಲ್ಲ. ಹೊಂಗೆ ಮರದ ಹತ್ತಿರ ಬಂದಾಗ ನಿನ್ನದು ಅಂತ ಒಂದು ಗುಡ್ಡೆ ತೋರಿಸಿ, ಅದರ ಮಗ್ಗುಲಿನದು ನಿಂಗಣ್ಣನದು ಎಂದ. ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುತ್ತಿದ್ದ ನಿಂಗಣ್ಣ, ಕಾಳಮ್ಮನ ಗಂಡ. ಗಂಡ ಹೆಂಡತಿ ಇಬ್ಬರೂ ರಾಜಣ್ಣ ಮಾಗಡಿಯಲ್ಲಿದ್ದಾಗಲೇ ಹೋದವರು. ಊರ ಮಕ್ಕಳಿಗೆಲ್ಲ ಬಣ್ಣದ ಬುಗುರಿ ಮಾಡಿಕೊಟ್ಟವನು, ಅವನಿಗೇ ಮಕ್ಕಳಿಲ್ಲ. ಹೆಂಡತಿ ಮಗ್ಗುಲಲ್ಲೇ ಮಲಗಿಸಿ ಅಂತ ಬೇಡಿಕೊಂಡು ಸತ್ತನಂತೆ, ಪಾಪ, ಎಂದ ನಿನ್ನ ಮಗ. ಪಾಪ ಅಂದವನಿಗೂ ಹೊಳೆಯಲಿಲ್ಲ, ಕೇಳಿಸಿಕೊಂಡ ನನಗೂ ಹೊಳೆಯಲಿಲ್ಲ.

ಗಾರೆಯವನು ಗುದ್ದಲಿ ಹಾಕಿ ಮೊಣಕಾಲುದ್ದ ಮಣ್ಣು ತೆಗೆದಾಗ ಬಳೆ ಸಿಕ್ಕವು. ಹಸಿರು ಗಾಜಿನ ಬಳೆ, ಹಿಡಿ ತುಂಬ, ಕೆಲವು ಮುರಿದಿರಲೂ ಇಲ್ಲ. ರಾಜಣ್ಣ ಅವ್ವನ ಬಳೆ ಅಂತ ಕಣ್ಣಿಗೆ ಒತ್ತಿಕೊಂಡ. ನಾನು ಅವನ ಕೈಯಿಂದ ಒಂದನ್ನು ಕಿತ್ತುಕೊಂಡು ನೋಡಿದೆ. ಮಣ್ಣು ಮುಚ್ಚುವಾಗ ಹಸಿರು ಬಳೆ ಇಡುವುದು ಮುತ್ತೈದೆ ಸತ್ತರೆ. ನಿನ್ನ ಬಳೆಯನ್ನು ಅಪ್ಪ ಸತ್ತಾಗಲೇ ಒಡೆದಿದ್ದರಲ್ಲ ಅವ್ವ, ನಿನಗೆ ಯಾರು ಬಳೆ ಇಟ್ಟಾರು? ಬಾವಿಕಟ್ಟೆಯಲ್ಲಿ ಕಾಳಮ್ಮ ನಿನ್ನ ಮುಖದ ಮುಂದೆ ಕೈ ಗಲಗಲ ಅನ್ನಿಸಿ, ನಾನು ಹೋಗುವಾಗ ಬಳೆ ಸಮೇತ ಹೋಗುತ್ತೇನೆ ಅನ್ನುತ್ತಿದ್ದುದು ನೆನಪಾಯಿತು. ಹಾಗೇ ಹೋಗಿದ್ದಾಳೆ. ಒಂದು ಕಡೆ ಮರ, ಒಂದು ಕಡೆ ಹೆಂಡತಿಯ ಮಗ್ಗುಲು ಬೇಡಿದ ನಿಂಗಣ್ಣ. ನಡುವೆ ಮಲಗಿರುವವಳು ಇನ್ಯಾರು?

ಇಷ್ಟನ್ನೂ ಬಿಡಿಸಿ ಹೇಳಿದೆ. ನಿನ್ನ ಮಗ ಗಾರೆಯವನ ಕಡೆ ನೋಡಿ ದನಿ ತಗ್ಗಿಸಿದ.

“ಅಕ್ಕ, ನಂಟ್ರಿಗೆಲ್ಲ ಹೇಳ್ಬುಟ್ಟಿವ್ನಿ. ಕಲ್ಲೂ ಬಂದ್ಬುಟ್ಟೈತೆ. ಇಲ್ಲೇ ನಿಲ್ಸ್ಬುಡಾನ, ಯಾರ್ಗ್ ಗೊತ್ತಾಯ್ತದೆ?”

“ಅವ್ವನ್ ಹೆಸ್ರ ಆ ಮಾರಿ ತಲೆ ಮ್ಯಾಲೆ ನಿಲ್ಲುಸ್ತೀಯೇನ್ಲಾ? ಮೊದ್ಲು ನನ್ ಮುಚ್ಚು. ಆಮ್ಯಾಕೆ ನಿಲ್ಸು.”

ಎನ್ನುತ್ತ ಆ ಗುಂಡಿಯೊಳಗೇ ಇಳಿದು ಕೂತೆ. ಗಾರೆಯವನು ಬೀಡಿ ಹಚ್ಚಿಕೊಂಡು ಅತ್ತ ಸರಿದ. ಬಾಯಿಗೆ ಬಂದದ್ದೆಲ್ಲ ಬೈದೆ. ರಾಜಣ್ಣನನ್ನು, ಚಿಕ್ಕಪ್ಪನನ್ನು, ನನ್ನನ್ನು ಒಳಗೆ ದಬ್ಬಿದವರನ್ನು, ಒಬ್ಬರನ್ನೂ ಬಿಡಲಿಲ್ಲ. ಕೊನೆಗೆ, ಮರದ ಮಾತು ಬಿಡು, ಅವತ್ತು ನಿನ್ನ ಕಣ್ಣಿಗೆ ಏನು ಕಂಡಿತ್ತು ಅದನ್ನು ಹೇಳು ಎಂದೆ. ಅವನು ನನ್ನ ಎದುರಿಗೆ ಕುಕ್ಕರುಗಾಲಲ್ಲಿ ಕೂತ. ಬಿಳಿ ಮೀಸೆಯ ಗಂಡಸು, ತೋಳಿನಲ್ಲಿ ಮೂಗು ಒರೆಸಿಕೊಂಡ.

“ಗುಂಡಿ ಒಳೀಕ್ ನೋಡಕ್ಕಾಗ್ನಿಲ್ಲ ಕಣಕ್ಕ. ನಮ್ಮನೆ ಹಸ ಹಿತ್ಲಲ್ ಕಟ್ಟಾಕಿದ್ರು. ಅದುನ್ನೇ ನೋಡ್ಕಂಡ್ ನಿಂತಿದ್ದೆ.”

ಹೇಳುತ್ತ ಹೇಳುತ್ತಲೇ ಅವನು ಊರ ಕಡೆ ಕತ್ತು ತಿರುಗಿಸಿದ. ಅಲ್ಲಿಂದ ನಮ್ಮ ಹಿತ್ತಲು ಎಲ್ಲಿ ಕಾಣಬೇಕು? ಅಡ್ಡಲಾಗಿ ಬಂಡೆ. ಇಬ್ಬರೂ ಎದ್ದೆವು. ಬಂಡೆ ಸುತ್ತಿ ಆಚೆಗೆ ಹೋದರೆ ಇನ್ನೊಂದು ಹೊಂಗೆ ಮರದ ಮೋಟು, ಯಾವ ಕಾಲದಲ್ಲಿ ಕಡಿದರೋ ಏನೋ. ಅದರ ಬುಡದಲ್ಲಿ ನೆಲಕ್ಕೆ ಸಮನಾದ ಒಂದೇ ಒಂದು ಗುಡ್ಡೆ. ಅಲ್ಲಿ ನಿಂತರೆ ನಮ್ಮ ಹಿತ್ತಲು ಅಂಗೈ ಹಾಗೆ ಕಾಣುತ್ತದೆ. ಇಲ್ಲೇ ಅಂದು ರಾಜಣ್ಣ ಚಪ್ಪಲಿ ಬಿಟ್ಟ.

ನಿನ್ನ ಮೇಲೆಯೇ ಜನ ಕಾಲುದಾರಿ ಮಾಡಿಕೊಂಡಿದ್ದರು ಅವ್ವ. ಊರೆಲ್ಲ ತುಳಿದುಕೊಂಡು ಓಡಾಡಿದೆ. ನಿನ್ನ ಮೇಲೂ ನನಗೆ ಸಿಟ್ಟಿದೆ, ಸುಳ್ಳು ಹೇಳುವುದಿಲ್ಲ. ಇಷ್ಟು ವರ್ಷ ಹಸಿದುಕೊಂಡು ಮಲಗಿದ್ದವಳು ಒಂದು ಸಲ ಕನಸಿಗೆ ಬಂದು ಬೈಯಬಾರದಿತ್ತೇ? ಬದುಕಿದ್ದಾಗಲೂ ನಿನ್ನದು ಇದೇ. ಎಲ್ಲರಿಗೂ ಬಡಿಸಿ, ಗಡಿಗೆಯ ತಳ ಕೆರೆದು, ನನಗೆ ಹಸಿವಿಲ್ಲ ಅನ್ನುವುದು. ಸತ್ತ ಮೇಲಾದರೂ ಆ ಚಾಳಿ ಬಿಡಬಾರದೇ?

ಭಾನುವಾರ ಕಲ್ಲು ನಿನ್ನ ತಲೆಯ ಹತ್ತಿರವೇ ನಿಂತಿತು. ನಂಟರಿಗೆಲ್ಲ ನಡೆದದ್ದನ್ನು ನಾನೇ ಹೇಳಿದೆ, ರಾಜಣ್ಣ ತಲೆ ತಗ್ಗಿಸಿಕೊಂಡು ನೀರು ಬಡಿಸಿದ. ಕಾಳಮ್ಮನ ಬಳೆಗಳನ್ನು ಅವಳ ಗುಂಡಿಗೇ ಹಾಕಿ ಮಣ್ಣು ಎಳೆದೆವು. ಇನ್ನು ಅವಳಿಗೆ ಯಾರು ಇಡುತ್ತಾರೆ ಅಂತ ಕೇಳಿದ ನಿನ್ನ ಮಗ. ಇಷ್ಟು ವರ್ಷ ತಿಂದದ್ದು ಏಳು ಜನ್ಮಕ್ಕೆ ಸಾಕು ಎಂದೆ. ಅಂದದ್ದೇನೋ ಅಂದೆ. ಆಮೇಲೆ ಮುದ್ದೆ ಮುರಿಯಲು ಕೂತರೆ ಅವಳೇ ಎದುರಿಗೆ ಬಂದು ಕೂತ ಹಾಗಾಯಿತು. ಬಳೆ ಸಮೇತ ಹೋದಳು, ಸರಿ. ನಾವು ತಪ್ಪಿ ಇಡದಿದ್ದರೆ ಅವಳ ಹೆಸರು ಹೇಳಿ ಒಂದು ಅಗುಳು ಇಡುವವರು ಯಾರಿದ್ದರು?

ಅದಕ್ಕೇ ಈ ಪಕ್ಷಕ್ಕೆ ಎರಡು ಎಲೆ ತರುತ್ತೇನೆ. ನಿನಗೆ ನಾಟಿಕೋಳಿ ಸಾರು, ತೊಡೆ ತುಂಡು ನಿನ್ನ ಎಲೆಗೇ. ಕಾಳಮ್ಮನಿಗೂ ಆ ನಿಂಗಣ್ಣನಿಗೂ ಸೇರಿ ಅನ್ನ, ಬೇಳೆ ಸಾರು, ಒಂದು ವಡೆ. ರುಚಿ ಹತ್ತಿದ ನಾಲಿಗೆ, ಗೊಣಗುತ್ತಾಳೆ, ಗೊಣಗಲಿ. ನೀನು ಮಾತ್ರ ನಿನ್ನದನ್ನು ಎತ್ತಿ ಅವಳ ಎಲೆಗೆ ಹಾಕಬೇಡ, ಹಾಕಿದರೆ ನಾನು ಸುಮ್ಮನಿರುವವಳಲ್ಲ. ಹೊಟ್ಟೆ ತುಂಬ ಉಣ್ಣು. ಬಡಿಸುವವಳು ನಾನೇ. ಕೊಟ್ಟ ಹೆಣ್ಣು ಇಡಬಾರದು ಅನ್ನುವವರು ಯಾರಾದರೂ ಇದ್ದರೆ ಅವತ್ತು ಮಸಣಕ್ಕೇ ಬಂದು ನನ್ನೆದುರು ಹೇಳಲಿ.

ನಿನ್ನ ಹಿರಿ ಮಗಳು